ಟಾಪಿನ ಮೇಲಿನ ಕಡ್ಡಿ: ಸಿಬಿ ಆಂಟೆನಾ ಆಯ್ಕೆಯ ವಿಮರ್ಶೆ

ಗಾಡಿಗೆ ಸಿಬಿ (ಸಿಟಿಜನ್ಸ್ ಬ್ಯಾಂಡ್) ರೇಡಿಯೋ ಹಾಕಿಸಬೇಕೆಂದು ಹೊರಟವರು ಸೆಟ್ಟಿನ ಬಗ್ಗೆ ವಾರಗಟ್ಟಲೆ ವಿಚಾರಿಸುತ್ತಾರೆ. ಎಷ್ಟು ವ್ಯಾಟ್, ಎಷ್ಟು ಚಾನೆಲ್, ಡಿಸ್‌ಪ್ಲೇ ಯಾವ ಬಣ್ಣ, ಎಲ್ಲವನ್ನೂ ಕೇಳುತ್ತಾರೆ. ಆಂಟೆನಾದ ಮಾತು ಬಂದಾಗ ಮಾತ್ರ ‘ನೋಡೋಕೆ ಚೆನ್ನಾಗಿರೋದು ಒಂದು ಕೊಡಿ’ ಎಂದು ಮುಗಿಸಿಬಿಡುತ್ತಾರೆ. ಮೈಸೂರಿನ ನಮ್ಮ ಕುಂಬಾರಕೊಪ್ಪಲಿನಿಂದ ಹೆಬ್ಬಾಳದ ಕಡೆ ಹೋಗುವ ಗಾಡಿಗಳನ್ನು ಗಮನಿಸಿದರೆ ಈ ‘ಚೆನ್ನಾಗಿರೋದು’ ಏನೆಂದು ತಿಳಿಯುತ್ತದೆ: ಕಾರಿನ ಹಿಂಭಾಗಕ್ಕೆ ಅಂಟಿಸಿದ ಮೀನಿನ ರೆಕ್ಕೆಯಾಕಾರದ ಪ್ಲಾಸ್ಟಿಕ್ಕು, ಜೀಪಿನ ಬಂಪರಿಗೆ ಬಿಗಿದ ಬಳುಕುವ ಕಡ್ಡಿ. ಇವುಗಳಲ್ಲಿ ಕೆಲವಕ್ಕೆ ಒಳಗೆ ತಂತಿಯ ಸಂಪರ್ಕವೇ ಇರುವುದಿಲ್ಲ. ಅಲಂಕಾರಕ್ಕಾದರೆ ಅಡ್ಡಿಯಿಲ್ಲ. ಮಾತು ದಾಟಿಸಬೇಕಾದ ಕಡೆಯಲ್ಲೂ ಇದೇ ಕ್ರಮದಲ್ಲಿ ಆಯ್ಕೆ ನಡೆಯುವುದು ನನಗೆ ತೀರ ತಪ್ಪೆನಿಸುತ್ತದೆ. ರೇಡಿಯೋ ಎಂಬ ವ್ಯವಸ್ಥೆಯಲ್ಲಿ ಹೊರಜಗತ್ತಿನೊಂದಿಗೆ ವ್ಯವಹರಿಸುವ ಭಾಗ ಆಂಟೆನಾ ಒಂದೇ.

ಬೇಡಿಕೆ ಸುಮ್ಮನೆ ಹುಟ್ಟಿದ್ದಲ್ಲ. ಮೈಸೂರಿನಿಂದ ಬಂಡೀಪುರ, ನಾಗರಹೊಳೆ, ಬಿಳಿಗಿರಿರಂಗನ ಬೆಟ್ಟದ ಕಡೆ ನಾಲ್ಕಾರು ಗಾಡಿಗಳಲ್ಲಿ ಒಟ್ಟಿಗೆ ಹೊರಟರೆ ಕಾಡಿನೊಳಗೆ ಮೊಬೈಲ್ ಸಿಗ್ನಲ್ ಕೈಕೊಡುತ್ತದೆ. ಹಿಂದಿನ ಗಾಡಿ ನಿಂತಿತೋ ಬರುತ್ತಿದೆಯೋ ತಿಳಿಯಬೇಕಾದರೆ ಗಾಡಿಯಿಂದ ಗಾಡಿಗೆ ನೇರ ಮಾತಿನ ಸಾಧನ ಬೇಕು. ಅಮೆರಿಕದಲ್ಲಿ 27 ಮೆಗಾಹರ್ಟ್ಸ್‌ನ ಸಿಬಿ ಸೇವೆ 1958ರಲ್ಲಿ ಶುರುವಾಯಿತು. 1973ರ ತೈಲ ಬಿಕ್ಕಟ್ಟಿನ ನಂತರ ಡೀಸೆಲ್ ಎಲ್ಲಿ ಸಿಗುತ್ತದೆ, ಪೊಲೀಸರು ಎಲ್ಲಿ ನಿಂತಿದ್ದಾರೆ ಎಂದು ಪರಸ್ಪರ ತಿಳಿಸಿಕೊಳ್ಳಲು ಲಾರಿ ಚಾಲಕರು ಅದನ್ನು ನೆಚ್ಚಿಕೊಂಡರು. 1977ರಲ್ಲಿ ಚಾನೆಲ್‌ಗಳು 23ರಿಂದ 40ಕ್ಕೆ ಏರಿದವು. ಆ ದೇಶದ ಹೆದ್ದಾರಿಗೆ ಹೊಂದಿದ ಸಾಧನವನ್ನು ಇಲ್ಲಿ ಹಾಗೆಯೇ ತಂದು ಕೂರಿಸಲು ಹೋದಾಗ ಎರಡು ಕಡೆ ಎಡವುತ್ತೇವೆ. ಒಂದು ಭೌತಶಾಸ್ತ್ರ, ಇನ್ನೊಂದು ಕಾನೂನು.

27 ಮೆಗಾಹರ್ಟ್ಸ್‌ನ ಅಲೆಯ ಉದ್ದ ಸುಮಾರು 11 ಮೀಟರ್. ಗಾಡಿಯ ಮೇಲೆ ಸಹಜವಾಗಿ ಕೆಲಸ ಮಾಡುವ ಕಡ್ಡಿ ಅದರ ಕಾಲುಭಾಗ ಇರಬೇಕು. ಅಮೆರಿಕದ ಜೀಪುಗಳ ಹಿಂದೆ ಕಾಣುವ ಸ್ಟೀಲ್ ಕಡ್ಡಿ 102 ಅಂಗುಲ, ಅಂದರೆ ಎಂಟೂವರೆ ಅಡಿ ಇರುವುದು ಇದೇ ಕಾರಣಕ್ಕೆ. ಇದನ್ನು ಒಂದೂವರೆ ಮೀಟರ್ ಎತ್ತರದ ಕಾರಿನ ಟಾಪಿಗೆ ಹಾಕಿದರೆ ತುದಿ ನೆಲದಿಂದ ನಾಲ್ಕು ಮೀಟರ್ ದಾಟುತ್ತದೆ. ಕುಂಬಾರಕೊಪ್ಪಲಿನ ಹಳೆಯ ಕೇರಿಗಳಲ್ಲಿ ಕಂಬದಿಂದ ಮನೆಗೆ ಎಳೆದ ಕರೆಂಟಿನ ತಂತಿ, ಕೇಬಲ್ ಟಿವಿ, ಇಂಟರ್ನೆಟ್ಟಿನ ತಂತಿ ಎಲ್ಲವೂ ರಸ್ತೆಗೆ ಅಡ್ಡವಾಗಿ ಜೋತಾಡುತ್ತಿರುತ್ತವೆ. ಅಂಥಲ್ಲಿ ಲೋಹದ ಉದ್ದ ಕಡ್ಡಿ ನಿಲ್ಲಿಸಿಕೊಂಡು ಗಾಡಿ ಓಡಿಸುವುದು ಜೀವಕ್ಕೆ ಅಪಾಯ. ವಿದ್ಯುದೀಕರಣಗೊಂಡ ರೈಲು ಹಳಿ ದಾಟುವಾಗ ಮೇಲಿರುವುದು 25,000 ವೋಲ್ಟ್. ಹೀಗಾಗಿ ಅತ್ಯುತ್ತಮ ಸಿಬಿ ಆಂಟೆನಾ ನಮ್ಮ ಬೀದಿಗೆ ಮೊದಲ ಹೆಜ್ಜೆಯಲ್ಲೇ ಅನರ್ಹವಾಗುತ್ತದೆ.

ಉಳಿಯುವುದು ಮೋಟು ಕಡ್ಡಿಗಳು. ಇವುಗಳಲ್ಲಿ ಕಡಿಮೆಯಾದ ಉದ್ದವನ್ನು ತಾಮ್ರದ ಸುರುಳಿಯಿಂದ ಸರಿದೂಗಿಸುತ್ತಾರೆ. ಬುಡದಲ್ಲಿ ಡಬ್ಬಿಯಂತೆ ಸುರುಳಿ ಇರುವವು, ನಡುವೆ ಇರುವವು, ಫೈಬರ್ ಕೋಲಿನ ತುದಿಯತ್ತ ತಂತಿ ಸುತ್ತಿರುವವು ಎಂದು ಬಗೆಗಳಿವೆ. ಸುರುಳಿ ಮೇಲಕ್ಕೆ ಹೋದಷ್ಟೂ ಕಡ್ಡಿಯ ಕೆಳಭಾಗದಲ್ಲಿ ಕರೆಂಟು ಚೆನ್ನಾಗಿ ಹರಿದು ಅಲೆ ಹೊರಡುವುದು ಹೆಚ್ಚುತ್ತದೆ ಎಂಬುದು ನಿಜ. ಆದರೆ ಉದ್ದಕ್ಕೆ ಸಾಟಿಯಾದದ್ದು ಇಲ್ಲಿಲ್ಲ. ಲೆಕ್ಕ ಹಾಕಿ ನೋಡಿ. ಪೂರ್ಣ ಕಾಲುತರಂಗ ಕಡ್ಡಿಯ ವಿಕಿರಣ ರೋಧ, ಅಂದರೆ ಶಕ್ತಿಯನ್ನು ಅಲೆಯಾಗಿ ಹೊರಬಿಡುವ ಪಾಲಿನ ಅಳತೆ, ಸುಮಾರು 36 ಓಮ್. ಒಂದೂವರೆ ಮೀಟರ್ ಕಡ್ಡಿಯದ್ದು ಏಳರ ಆಸುಪಾಸು. ಅಂಗಡಿಯಲ್ಲಿ ಬೇಗ ಮಾರಾಟವಾಗುವ ಎರಡಡಿ ಕಡ್ಡಿಯದ್ದು ಒಂದು ಓಮ್‌ಗಿಂತ ಸ್ವಲ್ಪವೇ ಹೆಚ್ಚು. ಸುರುಳಿಯಲ್ಲೂ ಗಾಡಿಯ ಬಾಡಿಯಲ್ಲೂ ಸೇರಿ ಹತ್ತು ಓಮ್ ನಷ್ಟವಿದೆ ಎಂದಿಟ್ಟುಕೊಂಡರೆ, ಕಳಿಸಿದ ಶಕ್ತಿಯಲ್ಲಿ ಉದ್ದ ಕಡ್ಡಿ ಮುಕ್ಕಾಲು ಭಾಗಕ್ಕಿಂತ ಹೆಚ್ಚನ್ನು ಆಕಾಶಕ್ಕೆ ಬಿಡುತ್ತದೆ, ಒಂದೂವರೆ ಮೀಟರಿನದು ನೂರಕ್ಕೆ ನಲವತ್ತು, ಎರಡಡಿಯದು ನೂರಕ್ಕೆ ಹತ್ತು. ಉಳಿದ ತೊಂಬತ್ತು ಶಾಖವಾಗಿ ಹೋಗುತ್ತದೆ.

ಇಲ್ಲಿಯೇ ಆಂಟೆನಾ ಹಾಕುವವರ ಬಹುದೊಡ್ಡ ನಂಬಿಕೆಯೊಂದನ್ನು ಪ್ರಶ್ನಿಸಬೇಕಿದೆ. ಎಸ್‌ಡಬ್ಲ್ಯುಆರ್ ಮೀಟರು ಇಟ್ಟು ಮುಳ್ಳು 1.2 ತೋರಿಸಿದರೆ ‘ಪಕ್ಕಾ ಕೂತಿದೆ’ ಎಂದು ಹೇಳಿ ಕೈತೊಳೆದುಕೊಳ್ಳುತ್ತಾರೆ. ಮೀಟರು ಹೇಳುವುದು ಇಷ್ಟೇ: ಸೆಟ್ಟು ಕಳಿಸಿದ ಶಕ್ತಿ ವಾಪಸು ಬರುತ್ತಿಲ್ಲ. ಆ ಶಕ್ತಿ ಅಲೆಯಾಗಿ ಹೋಯಿತೋ ಸುರುಳಿಯನ್ನು ಬಿಸಿ ಮಾಡಿತೋ ಅದಕ್ಕೆ ಗೊತ್ತಿಲ್ಲ. ಆಂಟೆನಾದ ಜಾಗದಲ್ಲಿ 50 ಓಮ್‌ನ ಒಂದು ರೆಸಿಸ್ಟರ್ ಜೋಡಿಸಿದರೆ ಮೀಟರು 1 ಎಂದೇ ತೋರಿಸುತ್ತದೆ, ಮಾತು ಮಾತ್ರ ಎದುರು ಬೀದಿಗೂ ಮುಟ್ಟುವುದು ಅನುಮಾನ. ಮೀಟರು ಬೇಡವೆಂದಲ್ಲ. 3ರ ಮೇಲೆ ಹೋದರೆ ಸೆಟ್ಟಿನ ಔಟ್‌ಪುಟ್ ಟ್ರಾನ್ಸಿಸ್ಟರ್ ಸುಡುವ ಭಯವಿದೆ. ಮೇಲಿನ ಚಾನೆಲ್‌ನಲ್ಲಿ ರೀಡಿಂಗ್ ಹೆಚ್ಚಿದ್ದರೆ ಕಡ್ಡಿ ಉದ್ದವಾಗಿದೆ, ಒಂದನೇ ಚಾನೆಲ್‌ನಲ್ಲಿ ಹೆಚ್ಚಿದ್ದರೆ ಗಿಡ್ಡವಾಗಿದೆ ಎಂದು ತಿಳಿದು ತಿದ್ದಿಕೊಳ್ಳಲು ಅದು ಬೇಕು. ಆದರೆ ಅದನ್ನೇ ಗುಣಮಟ್ಟದ ಪ್ರಮಾಣಪತ್ರ ಎಂದುಕೊಳ್ಳುವುದು ಮೋಸಹೋಗುವ ದಾರಿ.

ಜಾಗದ ವಿಷಯದಲ್ಲೂ ಇದೇ ಅಜಾಗ್ರತೆ. ಗಾಡಿಯ ಲೋಹದ ಬಾಡಿ ಆಂಟೆನಾದ ಇನ್ನೊಂದು ಅರ್ಧ. ಟಾಪಿನ ನಡುಮಧ್ಯೆ ಇಟ್ಟರೆ ನಾಲ್ಕೂ ದಿಕ್ಕಿಗೆ ಹೆಚ್ಚುಕಡಿಮೆ ಸಮನಾಗಿ ಹೋಗುತ್ತದೆ. ಹಿಂದಿನ ಬಂಪರಿನ ಎಡಮೂಲೆಗೆ ಬಿಗಿದರೆ ಬಲ ಮುಂಭಾಗದ ಕಡೆಗೆ ಜೋರಾಗಿ, ಮಿಕ್ಕ ಕಡೆಗೆ ಕುಂಠಿತವಾಗಿ ಹೋಗುತ್ತದೆ. ಮುಂದಿರುವ ಗಾಡಿಗೆ ಕೇಳಿಸುತ್ತದೆ, ಹಿಂದೆ ಕೆಟ್ಟು ನಿಂತವನಿಗೆ ಕೇಳಿಸುವುದಿಲ್ಲ. ಮ್ಯಾಗ್ನೆಟ್ ಬೇಸು ಪೇಂಟಿನ ಮೇಲೇ ಕೂತು ಕೆಲಸ ಮಾಡಬಲ್ಲದು, ಏಕೆಂದರೆ ಅದು ಕೆಪಾಸಿಟರಿನಂತೆ ಬಾಡಿಯೊಂದಿಗೆ ಜೋಡಣೆಗೊಳ್ಳುತ್ತದೆ. ಟಾರ್ಪಾಲು ಟಾಪಿನ ಜೀಪಿಗೆ, ಫೈಬರ್ ಟಾಪಿಗೆ ಅದು ನಿಷ್ಪ್ರಯೋಜಕ. ಕ್ಯಾರಿಯರ್‌ಗೆ ಬಿಗಿಯುವವರು ಕ್ಯಾರಿಯರ್ ಮತ್ತು ಬಾಡಿಯ ನಡುವೆ ರಬ್ಬರು ಬಂದು ಸಂಪರ್ಕ ತಪ್ಪಿದೆಯೇ ಎಂದು ನೋಡುವುದೇ ಇಲ್ಲ. ಕೇಬಲ್ಲಿನ ಬಗ್ಗೆ ಅಂಗಡಿಯವರು ಹೇಳುವಷ್ಟು ತಲೆಕೆಡಿಸಿಕೊಳ್ಳಬೇಕಿಲ್ಲ. 27 ಮೆಗಾಹರ್ಟ್ಸ್‌ನಲ್ಲಿ ನಾಲ್ಕೈದು ಮೀಟರ್ ಆರ್‌ಜಿ-58 ಸಾಕು, ಬೆಸುಗೆ ಗಟ್ಟಿಯಿರಲಿ.

ಈಗ ಕಾನೂನು. 2005ರಲ್ಲಿ ಕೇಂದ್ರ ಸರ್ಕಾರ 26.957ರಿಂದ 27.283 ಮೆಗಾಹರ್ಟ್ಸ್‌ವರೆಗಿನ ತರಂಗಪಟ್ಟಿಯನ್ನು ಪರವಾನಗಿಯಿಂದ ಮುಕ್ತಗೊಳಿಸಿತು. ಮಿತಿ 5 ವ್ಯಾಟ್. ಇದನ್ನು ಎಲ್ಲರೂ ಹೇಳುತ್ತಾರೆ. ಅದೇ ನಿಯಮದಲ್ಲಿರುವ ಇನ್ನೊಂದು ಷರತ್ತನ್ನು ಯಾರೂ ಹೇಳುವುದಿಲ್ಲ: ಆಂಟೆನಾ ಸೆಟ್ಟಿನಲ್ಲೇ ಅಳವಡಿಸಿದ್ದಾಗಿರಬೇಕು. ಅಂದರೆ ಟಾಪಿನ ಮೇಲೆ ಬೇರೆಯಾಗಿ ಆಂಟೆನಾ ಹಾಕಿದ ಕ್ಷಣ ಆ ವಿನಾಯಿತಿಯ ಆಸರೆ ತಪ್ಪುತ್ತದೆ. ಚಾನೆಲ್‌ಗಳದ್ದೂ ಇದೇ ಕತೆ. ಅಮೆರಿಕದ 40 ಚಾನೆಲ್ ಸೆಟ್ಟಿನಲ್ಲಿ 27ನೇ ಚಾನೆಲ್ 27.275ರಲ್ಲಿದೆ, 28ನೆಯದು 27.285ರಲ್ಲಿ. ನಮ್ಮ ಗಡಿ 27.283. ಅಲ್ಲಿಂದಾಚೆಯ ಹದಿಮೂರು ಚಾನೆಲ್‌ಗಳು ವಿನಾಯಿತಿಯ ಹೊರಗೆ. ಇದನ್ನು ತಿಳಿಸದೆ ಸೆಟ್ಟು ಮಾರುವುದು ಅನ್ಯಾಯ. ವಾಕಿಟಾಕಿಗಳ ಅಕ್ರಮ ಆನ್‌ಲೈನ್ ಮಾರಾಟ ತಡೆಯಲು ಗ್ರಾಹಕ ರಕ್ಷಣಾ ಪ್ರಾಧಿಕಾರ 2025ರಲ್ಲಿ ಮಾರ್ಗಸೂಚಿ ಹೊರಡಿಸಿದ್ದನ್ನು ನಾನು ಸ್ವಾಗತಿಸುವುದು ಇದಕ್ಕೇ.

ಆ ಪಟ್ಟಿಯ ಅಂಕಿಗಳನ್ನು ಇನ್ನೊಮ್ಮೆ ನೋಡಿ. 26.957–27.283 ಎಂಬುದು ಕೈಗಾರಿಕೆ, ವಿಜ್ಞಾನ, ವೈದ್ಯಕೀಯ ಯಂತ್ರಗಳಿಗೆಂದು ಅಂತರರಾಷ್ಟ್ರೀಯವಾಗಿ ಬಿಟ್ಟಿರುವ ಪಟ್ಟಿಯೂ ಹೌದು. ಪ್ಲಾಸ್ಟಿಕ್ ಹಾಳೆಗಳನ್ನು ರೇಡಿಯೋ ಅಲೆಯಿಂದ ಬೆಸೆಯುವ ಯಂತ್ರಗಳು 27.12ರಲ್ಲಿ ಓಡುತ್ತವೆ. ಮಕ್ಕಳ ರಿಮೋಟ್ ಕಾರುಗಳೂ ಇಲ್ಲೇ ಇವೆ. ಕೈಗಾರಿಕಾ ಪ್ರದೇಶದ ಮಗ್ಗುಲಲ್ಲೇ ಇರುವ ನಮ್ಮಂಥ ಬಡಾವಣೆಗೆ ಈ ಪಟ್ಟಿ ಮೊದಲಿಂದಲೂ ಗದ್ದಲದ್ದು. ಆಂಟೆನಾ ಉತ್ತಮವಾದಷ್ಟೂ ಗದ್ದಲವನ್ನೂ ಅಷ್ಟೇ ಉತ್ತಮವಾಗಿ ಹಿಡಿಯುತ್ತದೆ, ಮತ್ತು ಅಡಚಣೆಯಾಗುತ್ತಿದೆ ಎಂದು ದೂರುವ ಹಕ್ಕನ್ನು ವಿನಾಯಿತಿಯ ನಿಯಮ ನಮಗೆ ಕೊಟ್ಟಿಲ್ಲ.

ಹಾಗಾದರೆ ವ್ಯಾಟ್ ಏರಿಸೋಣ ಎಂದು ಆಂಪ್ಲಿಫೈಯರ್ ಹುಡುಕುವವರಿಗೆ ಒಂದು ಮಾತು. ಕೇಳುವವನ ಸಿಗ್ನಲ್ ಮೀಟರಿನಲ್ಲಿ ಒಂದೇ ಒಂದು ಮೆಟ್ಟಿಲು (ಎಸ್-ಯೂನಿಟ್) ಏರಬೇಕಾದರೆ ಶಕ್ತಿ ನಾಲ್ಕು ಪಟ್ಟಾಗಬೇಕು. ನಮ್ಮ ಮಗ್ಗುಲಿನ ಒಂಟಿಕೊಪ್ಪಲಿನ ತಮ್ಮ ಮನೆ ‘ವಿಠ್ಠಲ ವಿಹಾರ’ದಲ್ಲಿ ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು 1935ರ ಸೆಪ್ಟೆಂಬರ್ 10ರಂದು ಬಾನುಲಿ ಪ್ರಸಾರ ಆರಂಭಿಸಿದ್ದು ಬರೀ 30 ವ್ಯಾಟ್‌ನ ಟ್ರಾನ್ಸ್‌ಮಿಟರಿನಿಂದ. ಮೈಸೂರಿನ ‘ಆಕಾಶವಾಣಿ’ ಶುರುವಾದದ್ದು ಹೀಗೆ. ವ್ಯಾಟಿನ ದುರಾಸೆಗೆ ಮೈಸೂರಿನಲ್ಲಿ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ಗೊತ್ತಿಲ್ಲ.

ಆಂಟೆನಾ ಆರಿಸುವ ಮೊದಲು ತರಂಗವನ್ನು ಆರಿಸಬೇಕು ಎಂಬುದು ನನ್ನ ವಾದ. 145 ಮೆಗಾಹರ್ಟ್ಸ್‌ಗೆ ಬಂದರೆ ಕಾಲುತರಂಗದ ಕಡ್ಡಿ 49 ಸೆಂಟಿಮೀಟರ್‌ಗೆ ಇಳಿಯುತ್ತದೆ. ಮೊಟಕುಗೊಳಿಸಬೇಕಿಲ್ಲ, ಸುರುಳಿ ಬೇಕಿಲ್ಲ, ಸುರುಳಿಯ ನಷ್ಟವೂ ಇಲ್ಲ. ಕಾರಿನ ಟಾಪು ಆ ಅಲೆಗೆ ಪೂರ್ಣ ಪ್ರಮಾಣದ ಗ್ರೌಂಡ್ ಆಗುತ್ತದೆ. ಜೋತಾಡುವ ತಂತಿಗಳ ಕೆಳಗೆ ನಿರಾತಂಕವಾಗಿ ಸಾಗಬಹುದು. ಇಲ್ಲಿ ಮಾತ್ರ ಕೇಬಲ್ಲಿಗೆ ಸ್ವಲ್ಪ ಹೆಚ್ಚು ಖರ್ಚು ಮಾಡುವುದು ಸರಿ, ಆ ಆವರ್ತನದಲ್ಲಿ ಐದು ಮೀಟರ್ ಆರ್‌ಜಿ-58 ಒಂದು ಡೆಸಿಬೆಲ್‌ನಷ್ಟು ನುಂಗುತ್ತದೆ. 144–146 ಮೆಗಾಹರ್ಟ್ಸ್ ಹ್ಯಾಮ್‌ಗಳ, ಅಂದರೆ ಹವ್ಯಾಸಿ ರೇಡಿಯೋದವರ ಪಟ್ಟಿ, ಅದಕ್ಕೆ ಪರವಾನಗಿ ಬೇಕು. ಕೇಂದ್ರ ದೂರಸಂಪರ್ಕ ಇಲಾಖೆಯ ಪರೀಕ್ಷೆ ಪಾಸು ಮಾಡಬೇಕು. ಹನ್ನೆರಡು ವರ್ಷ ತುಂಬಿದವರು ಯಾರೇ ಆದರೂ ಬರೆಯಬಹುದು. ಬಾಡಿಗೆ, ಸಾಗಾಣಿಕೆ ಮುಂತಾದ ವ್ಯವಹಾರದ ಮಾತಿಗೆ ಹ್ಯಾಮ್ ಪಟ್ಟಿಯನ್ನು ಬಳಸುವಂತಿಲ್ಲ. ಗೂಡ್ಸ್ ಗಾಡಿಗಳ ಮಾಲೀಕರು ತಮ್ಮದೇ ಪರವಾನಗಿಯ ವಿಎಚ್‌ಎಫ್ ಜಾಲಕ್ಕೆ ಅರ್ಜಿ ಹಾಕುವುದೇ ನೇರ ದಾರಿ. ಪರೀಕ್ಷೆ ಬೇಡ, ಎರಡು ಗಾಡಿಗಳ ನಡುವೆ ಹತ್ತಿರದಲ್ಲಿ ಮಾತಾಡಿದರೆ ಸಾಕು ಎನ್ನುವವರಿಗೆ 2018ರ ನಿಯಮದಡಿ ಪರವಾನಗಿಮುಕ್ತವಾದ 446.0–446.2 ಮೆಗಾಹರ್ಟ್ಸ್‌ನ, ಇಲಾಖೆಯ ಅನುಮೋದನೆ ಪಡೆದ ಕೈಸೆಟ್ಟು ಇದೆ. ಕಾರಿನ ಲೋಹದ ಬಾಡಿ ಅಲೆಯನ್ನು ತಡೆಯುವುದರಿಂದ ಮಾತಾಡುವಾಗ ಕಿಟಕಿಯ ಹತ್ತಿರ ಹಿಡಿದುಕೊಳ್ಳಬೇಕು, ಅಷ್ಟೆ.

ಆದ್ದರಿಂದ ಸಿಬಿ ಆಂಟೆನಾಗಳಲ್ಲಿ ಯಾವುದು ಒಳ್ಳೆಯದೆಂದು ಕೇಳುವ ನಮ್ಮ ಕಡೆಯ ಹುಡುಗರಿಗೆ ನನ್ನ ಉತ್ತರ: ಮೈಸೂರಿನ ಗಾಡಿಗೆ ಯಾವುದೂ ಬೇಡ. ಆ ದುಡ್ಡನ್ನು ಎತ್ತಿಟ್ಟು ಈ ವರ್ಷವೇ ಹ್ಯಾಮ್ ಪರೀಕ್ಷೆಗೆ ಓದಿ. ಪರವಾನಗಿ ಕೈಗೆ ಬಂದ ಮೇಲೆ ಟಾಪಿನ ನಟ್ಟನಡುವೆ 49 ಸೆಂಟಿಮೀಟರಿನ ಕಡ್ಡಿ ಹಾಕಿಸಿ.