ಬಿಟ್ಟ ಸ್ಥಳ ತುಂಬಿರಿ

ನಮ್ಮ ಮನೆಗಳಲ್ಲಿ ವರ್ಷಕ್ಕೆ ನಾಲ್ಕೈದು ಸಲವಾದರೂ ಹಾಡುವ, ಶ್ರುತಿ ಕೂಡದವರೂ ನಾಚದೆ ದನಿಗೂಡಿಸುವ, ಆದರೆ ಹಾಡೆಂದು ಯಾರೂ ಲೆಕ್ಕಕ್ಕೇ ಹಿಡಿಯದ ಹಾಡೊಂದಿದೆ. ಅದೇ 'ಹ್ಯಾಪಿ ಬರ್ತ್‌ಡೇ' ಹಾಡು. ದಾಸರ ಪದ, ಭಾವಗೀತೆ, ಸಿನಿಮಾ ಹಾಡು ಎಲ್ಲಕ್ಕೂ ವಿಮರ್ಶಕರಿದ್ದಾರೆ. ನಮ್ಮ ಮಕ್ಕಳು ನೆಟ್ಟಗೆ ಮಾತು ಕಲಿಯುವ ಮೊದಲೇ ಕಲಿತುಬಿಡುವ ಈ ನಾಲ್ಕು ಸಾಲನ್ನು ಮಾತ್ರ ಯಾರೂ ತಕ್ಕಡಿಗೆ ಹಾಕಿದ್ದನ್ನು ನಾನು ಕಂಡಿಲ್ಲ. ಮೂವತ್ತು ವರ್ಷ ಚಿಕ್ಕ ಮಕ್ಕಳಿಗೆ ಪದ್ಯ ಹೇಳಿಕೊಟ್ಟವಳು, ಎರಡು ಮಕ್ಕಳನ್ನು ಸಾಕಿದವಳು ನಾನು. ಆ ಕೆಲಸಕ್ಕೆ ಇಷ್ಟು ಅರ್ಹತೆ ಸಾಕು ಎಂದುಕೊಂಡಿದ್ದೇನೆ.

ಹಿರಿಯರ ಆಕ್ಷೇಪಣೆಗಳು ನಮಗೆಲ್ಲ ಗೊತ್ತೇ ಇವೆ. ದೀಪ ಹಚ್ಚಬೇಕಾದ ದಿನ ದೀಪ ಆರಿಸುತ್ತೀರಲ್ಲ ಎನ್ನುತ್ತಾರೆ. ಶಾವಿಗೆ ಪಾಯಸ ಬಿಟ್ಟು ಬೇಕರಿ ಕೇಕಿಗೆ ಸಾಲು ನಿಲ್ಲುತ್ತೀರಲ್ಲ ಎನ್ನುತ್ತಾರೆ. ಅವು ಆಚರಣೆಯ ಮೇಲಿನ ದೂರುಗಳು, ಹಾಡಿನ ಮೇಲಲ್ಲ. ಅವನ್ನು ಒಂದು ಪಕ್ಕಕ್ಕಿಟ್ಟು, ಹಾಡನ್ನು ಹಾಡಾಗಿಯೇ ನೋಡೋಣ.

ಈ ಹಾಡಿನ ಮಟ್ಟು ಹುಟ್ಟಿದ್ದು ಹುಟ್ಟುಹಬ್ಬಕ್ಕಲ್ಲ, ಶಾಲೆಗೆ ಎಂದರೆ ನಿಮಗೆ ಆಶ್ಚರ್ಯವಾದೀತು. ಅಮೆರಿಕದ ಕೆಂಟಕಿ ರಾಜ್ಯದ ಲೂಯಿವಿಲ್ ಊರಿನಲ್ಲಿ ಪ್ಯಾಟಿ ಹಿಲ್ ಮತ್ತು ಮಿಲ್ಡ್ರೆಡ್ ಹಿಲ್ ಎಂಬ ಅಕ್ಕತಂಗಿಯರಿದ್ದರು. ತಂಗಿ ಪ್ಯಾಟಿ ಶಿಶುವಿಹಾರದ ಉಪಾಧ್ಯಾಯಿನಿ, ಅಕ್ಕ ಮಿಲ್ಡ್ರೆಡ್ ಸಂಗೀತ ಬಲ್ಲವಳು. ಬೆಳಗ್ಗೆ ತರಗತಿಗೆ ಬಂದ ಮಕ್ಕಳಿಗೆ ಶುಭೋದಯ ಹೇಳಲು ಇಬ್ಬರೂ ಸೇರಿ ಮಾಡಿದ ಹಾಡು ಇದು. 1893ರಲ್ಲಿ ಶಿಶುವಿಹಾರದ ಹಾಡುಗಳ ಪುಸ್ತಕವೊಂದರಲ್ಲಿ ಅಚ್ಚಾಯಿತು. ಮಾಡಿದ ಹಾಡನ್ನು ಪ್ಯಾಟಿ ಮರುದಿನ ಶಾಲೆಗೆ ಒಯ್ದು ಮಕ್ಕಳಿಂದ ಹಾಡಿಸಿ ನೋಡುತ್ತಿದ್ದಳಂತೆ. ಪುಟ್ಟ ಗಂಟಲಿಗೆ ಎಟುಕದಿದ್ದರೆ ಮನೆಗೆ ತಂದು ತಿದ್ದುತ್ತಿದ್ದರಂತೆ. ಕಾಲ ಸರಿದಂತೆ ಅದೇ ಮಟ್ಟಿಗೆ ಹುಟ್ಟುಹಬ್ಬದ ಮಾತುಗಳು ಬಂದು ಕೂತವು. 1935ರಲ್ಲಿ ಒಂದು ಪ್ರಕಾಶನ ಸಂಸ್ಥೆ ಹುಟ್ಟುಹಬ್ಬದ ಹಾಡಿನ ಹಕ್ಕು ತನ್ನದೆಂದು ದಾಖಲಿಸಿತು. ಮುಂದೆ ಕೈಯಿಂದ ಕೈಗೆ ಹೋದ ಆ ಹಕ್ಕಿನ ಬಲದಿಂದ ಸಿನಿಮಾದವರು, ಟಿವಿಯವರು ಈ ಹಾಡು ಬಳಸಿದರೆ ದುಡ್ಡು ವಸೂಲಾಗುತ್ತಿತ್ತು. ಹಾಡಿನ ಕುರಿತು ಸಾಕ್ಷ್ಯಚಿತ್ರ ಮಾಡಲು ಹೊರಟ ಹೆಣ್ಣುಮಗಳೊಬ್ಬಳಿಗೆ 1,500 ಡಾಲರ್ ಕಟ್ಟಬೇಕಾಗಿ ಬಂತು. ಅವಳು 2013ರಲ್ಲಿ ಕೋರ್ಟಿಗೆ ಹೋದಳು. ಆ ಹಕ್ಕು ಸಿಂಧುವಲ್ಲವೆಂದು 2015ರಲ್ಲಿ ನ್ಯಾಯಾಧೀಶರು ಹೇಳಿದರು. 2016ರಲ್ಲಿ 1 ಕೋಟಿ 40 ಲಕ್ಷ ಡಾಲರಿಗೆ ರಾಜಿಯಾಗಿ ಹಾಡು ಎಲ್ಲರದೂ ಆಯಿತು. ಮಕ್ಕಳಿಗೆಂದು ಇಬ್ಬರು ಹೆಂಗಸರು ಮಾಡಿದ ಹಾಡಿನ ಮೇಲೆ ಇಷ್ಟೊಂದು ವ್ಯಾಪಾರ!

ಉಪಾಧ್ಯಾಯಿನಿ ಮಾಡಿದ ಹಾಡು ಎಂಬುದು ಅದರ ಕಟ್ಟಡದಲ್ಲೇ ಕಾಣುತ್ತದೆ. ನಾಲ್ಕು ಸಾಲುಗಳಲ್ಲಿ ಮೂರು ಸಾಲಿನ ಮಾತು ಒಂದೇ. ಮೂರು ವರ್ಷದ ಮಗು ಒಂದು ಸಾಲು ಕಲಿತರೆ ಮುಕ್ಕಾಲು ಹಾಡು ಕಲಿತಂತೆ. ನಡೆ ಮೂರು ಮೂರು ಮಾತ್ರೆಯದು, ತೊಟ್ಟಿಲು ತೂಗುವ ಲಯ. ಇಡೀ ಹಾಡು ಕೆಳಗಿನ ಪಂಚಮದಿಂದ ಮೇಲಿನ ಪಂಚಮದೊಳಗೆ ಮುಗಿಯುತ್ತದೆ. ಮೊದಲ ಎರಡು ಸಾಲು ಮೆಟ್ಟಿಲ ಮೇಲೆ ಕೂತಂತೆ ಕೆಳಗೇ ಇರುತ್ತವೆ. ಮೂರನೆಯ ಸಾಲಿನಲ್ಲಿ ಮಾತ್ರ ದನಿ ಒಮ್ಮೆಲೇ ಜಿಗಿದು ಮೇಲಿನ ಪಂಚಮ ಮುಟ್ಟುತ್ತದೆ. ಅಪಸ್ವರ ಬರುವುದೂ, ಎಲ್ಲರೂ ನಗುವುದೂ ಅಲ್ಲಿಯೇ. ಆ ಜಿಗಿತ ಬೀಳುವುದು 'ಹುಟ್ಟು' ಎಂಬರ್ಥದ ಅಕ್ಷರದ ಮೇಲೆ. ಅಲ್ಲಿಂದ ದನಿ ಒಂದೊಂದೇ ಮೆಟ್ಟಿಲಿಳಿದು ಬಂದು ಹೆಸರಿನ ಮೇಲೆ ಕೂರುತ್ತದೆ.

ಈ ಹೆಸರಿನ ಜಾಗವೇ ಹಾಡಿನ ಜೀವ. ಪ್ರಶ್ನೆಪತ್ರಿಕೆಯಲ್ಲಿ 'ಬಿಟ್ಟ ಸ್ಥಳ ತುಂಬಿರಿ' ಎಂದು ಕೊಡುತ್ತೇವಲ್ಲ, ಹಾಗೆ ಒಂದು ಖಾಲಿ ಜಾಗ. ಅದನ್ನು ತುಂಬುವ ತನಕ ಹಾಡು ಯಾರದೂ ಅಲ್ಲ. ತುಂಬಿದೊಡನೆ ಜಗತ್ತಿನಲ್ಲಿ ಒಬ್ಬರದೇ. ಜಾಗ ಚಿಕ್ಕದು, ಎರಡೇ ಸ್ವರದ್ದು. ವೆಂಕಟಲಕ್ಷ್ಮಮ್ಮನಂಥವರನ್ನು ಅದರಲ್ಲಿ ಕೂರಿಸಲು ಸಿಟಿ ಬಸ್ಸಿನಲ್ಲಿ ಸರಿದು ಸರಿದು ಜಾಗ ಮಾಡುವಂತೆ ಮಾಡಬೇಕು. ಈಗಿನ ಮಕ್ಕಳ ಹೆಸರುಗಳೆಲ್ಲ ಎರಡಕ್ಷರಕ್ಕಿಳಿದದ್ದು ಈ ಹಾಡಿಗೆ ಹೊಂದಲೆಂದೇ ಇರಬೇಕು ಎಂದು ನಾನು ತಮಾಷೆ ಮಾಡುವುದುಂಟು. ತರಗತಿಯಲ್ಲಿ ಇದನ್ನು ಕನ್ನಡದಲ್ಲಿ ಹಾಡಿಸಲು ಹೊರಟಾಗ, 'ಹುಟ್ಟುಹಬ್ಬದ ಶುಭಾಶಯ' ಎಂಬ ಒಂಬತ್ತಕ್ಷರ ಆರು ಸ್ವರದ ಸಾಲಿನಿಂದ ಹೊರಗೆ ಚೆಲ್ಲುತ್ತಿತ್ತು. ಮಕ್ಕಳು ಎಡವುತ್ತಿದ್ದರು. ಹೆಸರು ಬಂದ ಕೂಡಲೇ ಮತ್ತೆ ಎಲ್ಲರ ದನಿಯೂ ಒಂದಾಗುತ್ತಿತ್ತು.

ಇನ್ನು ದೋಷದ ಮಾತು. ಕವಿತೆಯಾಗಿ ನೋಡಿದರೆ ಇದು ಬಡ ಹಾಡು. ಸಂತೋಷವಾಗಿರು ಎನ್ನುವುದನ್ನು ಬಿಟ್ಟರೆ ಬೇರೇನೂ ಹೇಳುವುದಿಲ್ಲ. ಹುಟ್ಟಿನ ಮೇಲೆ ಅಷ್ಟು ಎತ್ತರಕ್ಕೆ ಜಿಗಿಯುವ ಹಾಡಿನಲ್ಲಿ ಹೆತ್ತವಳ ಸುಳಿವೇ ಇಲ್ಲ. ನಮ್ಮ ಮನೆಗಳಲ್ಲಿ ಅದನ್ನು ಹಾಡುವ ಕ್ರಮದಲ್ಲೂ ಅವಳು ಅಷ್ಟಕ್ಕಷ್ಟೇ. ಮಗುವಿನ ಹುಟ್ಟುಹಬ್ಬದ ಹಳೆಯ ಫೋಟೋಗಳನ್ನು ತೆಗೆದು ನೋಡಿ. ಕೇಕಿನ ಮುಂದೆ ಮಗು, ಹಿಂದೆ ತಂದೆ, ಅಜ್ಜ ಅಜ್ಜಿ, ಪಕ್ಕದ ಮನೆಯ ಹತ್ತು ಮಕ್ಕಳು. ತಾಯಿ? ಚಾಕು ಹಿಡಿದ ಪುಟ್ಟ ಕೈಯ ಮೇಲೆ ಬಳೆ ತೊಟ್ಟ ಒಂದು ಕೈ ಕಾಣುತ್ತದೆ, ಅಷ್ಟೇ. ಇಲ್ಲವೇ ಅವಳು ಅಡುಗೆಮನೆಯಲ್ಲಿ ಚಿಪ್ಸು ಖಾರಾ ತಟ್ಟೆಗೆ ಹಾಕುತ್ತಾ, ಅಲ್ಲಿಂದಲೇ ಹಾಡಿಗೆ ದನಿಗೂಡಿಸುತ್ತಿರುತ್ತಾಳೆ.

ಹಾಗಾದರೆ ನಮ್ಮ ಹಳೆಯ ಪದ್ಧತಿಯೇ ಮೇಲಲ್ಲವೆ ಎಂದು ನೀವು ಕೇಳಬಹುದು. ಎಣ್ಣೆನೀರು, ಹೊಸ ಬಟ್ಟೆ, ಆರತಿ, ಹಿರಿಯರ ಕಾಲಿಗೆ ನಮಸ್ಕಾರ. ಇದೆಲ್ಲ ನನಗೂ ಪ್ರೀತಿಯದೇ. 'ನೂರು ಕಾಲ ಬಾಳು' ಎಂಬ ಹಾರೈಕೆಯ ತೂಕ ಈ ಇಂಗ್ಲಿಷ್ ಹಾಡಿಗಿಲ್ಲ. ಆದರೆ ಅದೇ ಹಾರೈಕೆ ಹೆಂಗಸಿಗೆ ಬಂದಾಗ ಏನಾಗುತ್ತದೆ ನೋಡಿ. ಮದುವೆಯಾದವಳು ತನ್ನ ಹುಟ್ಟಿದ ದಿನ ಬಾಗಿ ನಮಸ್ಕರಿಸಿದರೆ ಸಿಗುವ ಆಶೀರ್ವಾದ 'ದೀರ್ಘ ಸುಮಂಗಲೀ ಭವ'. ಹುಟ್ಟಿದ ದಿನ ಅವಳದು, ಕೇಳಿದ ಆಯುಸ್ಸು ಅವನದು! ದೇವಸ್ಥಾನದ ಅರ್ಚನೆಯಲ್ಲೂ ಹೆಸರಿಗೊಂದು ಬಿಟ್ಟ ಸ್ಥಳವಿದೆ. ಹೆಸರು, ನಕ್ಷತ್ರ, ಗೋತ್ರ ಹೇಳಿ ಎಂದು ಅರ್ಚಕರು ಕೇಳುತ್ತಾರೆ. ನಾವು ಹೆಂಗಸರು ಯಜಮಾನರ ಹೆಸರು ಹೇಳುತ್ತೇವೆ, ಮಕ್ಕಳ ಹೆಸರು ಹೇಳುತ್ತೇವೆ. ನಮ್ಮದು 'ಸಕುಟುಂಬ' ಎಂಬ ಮಾತಿನೊಳಗೆ ಸೇರಿಹೋಗುತ್ತದೆ.

ತಾಯಿಯ ಮನಸ್ಸು ಕಾಣಬೇಕಾದರೆ ನಾನು 1931ರಲ್ಲಿ ಹಲಸಂಗಿಯ ಗೆಳೆಯರು ಸಂಗ್ರಹಿಸಿ ತಂದ 'ಗರತಿಯ ಹಾಡು' ತೆರೆಯುತ್ತೇನೆ. ಅಲ್ಲಿ ಹಾಡುವವಳು ಅವಳೇ. ಕೂಸು, ತೊಟ್ಟಿಲು, ತವರು ಎಲ್ಲವನ್ನೂ ನೋಡುವ ಕಣ್ಣು ಅವಳದೇ. ಆದರೆ ಆ ತ್ರಿಪದಿಗಳನ್ನು ಕಟ್ಟಿದ ಹೆಂಗಸರ ಹೆಸರುಗಳು ಉಳಿಯಲಿಲ್ಲ. ಒಂದು ಕಡೆ ತಾಯಿಯೇ ಇಲ್ಲದ ಹಾಡು, ಇನ್ನೊಂದು ಕಡೆ ಹೆಸರೇ ಇಲ್ಲದ ತಾಯಂದಿರು.

ಈ ಬಿಟ್ಟ ಸ್ಥಳದ ಬೆಲೆ ನನಗೆ ತಿಳಿದದ್ದು 2001ರಲ್ಲಿ. ಆಗ ನನ್ನ ಮಗಳಿಗೆ ಆರು, ಮಗನಿಗೆ ಮೂರು. ಆ ವಯಸ್ಸಿನ ಮಕ್ಕಳಿರುವ ಮನೆಯಲ್ಲಿ ತಾಯಿಯ ಹುಟ್ಟುಹಬ್ಬವೆಂದರೆ ಹೇಗಿರುತ್ತದೆ, ನಿಮಗೆ ಹೇಳಬೇಕೆ? ಬೆಳಗ್ಗೆ ನಾಲ್ಕು ಡಬ್ಬಿ ತುಂಬಿ ಶಾಲೆಗೆ ಓಡಿ, ಸಂಜೆ ಪಾಠದ ಟಿಪ್ಪಣಿ ಬರೆಯುವ ಹೊತ್ತಿಗೆ ದಿನ ಮುಗಿದಿತ್ತು. ಮಗಳಿಗೆ ಹೇಗೋ ನೆನಪಿತ್ತು. ಒಂದು ಬನ್ನಿನ ಮೇಲೆ ಊದುಬತ್ತಿ ಚುಚ್ಚಿಕೊಂಡು, ತಮ್ಮನನ್ನೂ ಅಜ್ಜಿಯನ್ನೂ ಎಳೆದುಕೊಂಡು ಬಂದು ಹಾಡು ಶುರು ಮಾಡಿದಳು. ಮೂರನೆಯ ಸಾಲಿಗೆ ಬಂದು ನಿಂತಳು. ಮಗ 'ಅಮ್ಮ' ಎಂದ. 'ಹಾಗಲ್ಲ, ಹೆಸರು ಹೇಳಬೇಕು' ಎಂದಳು ಅವಳು. ಆ ಮನೆಯಲ್ಲಿ ನನ್ನನ್ನು ಕರೆಯುತ್ತಿದ್ದದ್ದು ಅಮ್ಮ, ಅತ್ತಿಗೆ, ಟೀಚರು, ಇಲ್ಲವೇ 'ಏನೇ' ಎಂದು. ಆ ಜಾಗಕ್ಕೆ ನನ್ನ ಹೆಸರನ್ನು ಮೆಲ್ಲಗೆ ಇಟ್ಟವರು ನನ್ನ ಅತ್ತೆ. ಎಂಟು ವರ್ಷದಲ್ಲಿ ಅವರ ಬಾಯಿಂದ ನಾನು ಅದನ್ನು ಕೇಳಿದ್ದು ಅದೇ ಮೊದಲು.

ಮಕ್ಕಳು ಅಷ್ಟಕ್ಕೆ ಬಿಡಲಿಲ್ಲ. ಅಜ್ಜಿಗೂ ಹಾಡಬೇಕೆಂದರು. ಅಜ್ಜಿಗೆ ಹುಟ್ಟಿದ ತಾರೀಕಿಲ್ಲ. ಮಳೆ ಹಿಡಿದು ಕೆರೆ ಕೋಡಿ ಬಿದ್ದ ಒಂದು ವರ್ಷ ಎಂದಷ್ಟೇ ಗೊತ್ತು. 'ತಾರೀಕು ಬೇಡ, ಹೆಸರು ಸಾಕು' ಎಂದಳು ಮಗಳು. ನಮಗೆಲ್ಲ ಗೊತ್ತಿದ್ದ ಹೆಸರನ್ನು ಹಾಡಿದಾಗ ಅತ್ತೆ ತಲೆಯಲ್ಲಾಡಿಸಿದರು. ಅದು ಧಾರೆಯ ದಿನ ಗಂಡನ ಮನೆಯವರು ಇಟ್ಟ ಹೆಸರಂತೆ. ತವರಿನಲ್ಲಿ ಕರೆಯುತ್ತಿದ್ದದ್ದು ಬೇರೆಯಂತೆ. ಅದೊಂದು ನದಿಯ ಹೆಸರು. ಅವರ ಮಗನಿಗೇ, ಅಂದರೆ ನನ್ನವರಿಗೇ, ಅದು ಗೊತ್ತಿರಲಿಲ್ಲ. ಮಕ್ಕಳು ಆ ಹೆಸರು ಹಾಕಿ ಇನ್ನೊಮ್ಮೆ ಹಾಡಿದರು. ಅತ್ತೆ ಏನೂ ಹೇಳಲಿಲ್ಲ. ಬನ್ನನ್ನು ಐದು ಪಾಲು ಮಾಡಿ ಎಲ್ಲರ ಕೈಗೂ ಕೊಟ್ಟರು.

ಶಾಲೆಯ ದಾಖಲಾತಿ ಪುಸ್ತಕವೂ ಒಂದು ಬಗೆಯ ಬಿಟ್ಟ ಸ್ಥಳಗಳ ಪುಸ್ತಕವೇ. ಹಳೆಯ ಸಂಪುಟಗಳಲ್ಲಿ ಪುಟ ತಿರುವಿದಲ್ಲೆಲ್ಲ ಜೂನ್ 1ರಂದು ಹುಟ್ಟಿದ ಮಕ್ಕಳು. ತಾರೀಕು ಗೊತ್ತಿಲ್ಲದೆ ಬಂದ ಮಗುವಿಗೆ ಮೇಷ್ಟ್ರು ಶಾಲೆ ತೆರೆಯುವ ಹೊತ್ತಿನ ತಾರೀಕನ್ನೇ ಕೊಟ್ಟುಬಿಡುತ್ತಿದ್ದರು. ಜನನ ಮರಣ ನೋಂದಣಿ ಕಾಯ್ದೆ ಬಂದದ್ದು 1969ರಲ್ಲಿ. ಅದು ಹಳ್ಳಿಹಳ್ಳಿ ಮುಟ್ಟಲು ಮತ್ತಷ್ಟು ಕಾಲ ಹಿಡಿಯಿತು. ಹಾಗೆ ದಿನ ಪಡೆದ ಎಷ್ಟೋ ಹೆಣ್ಣುಮಕ್ಕಳು ಇಂದು ಅಜ್ಜಿಯರು. ಅವರಿಗೆ ಹುಟ್ಟುಹಬ್ಬವೆಂದರೆ ಅರ್ಜಿ ತುಂಬುವಾಗ ನೆನಪಾಗುವ ವಿಷಯ. ಶಾಲೆ ಹತ್ತದವರಿಗೆ ಅದೂ ಇಲ್ಲ.

ಇಷ್ಟೆಲ್ಲ ತೂಗಿ ನೋಡಿದ ಮೇಲೆ ನನ್ನ ತೀರ್ಪು ಇದು. ಮಾತಿನಲ್ಲಿ ಈ ಹಾಡು ಬಡದು, ಕಟ್ಟಡದಲ್ಲಿ ಗಟ್ಟಿ. ಅದರ ಬಡತನವೇ ಒಂದು ರೀತಿಯಲ್ಲಿ ಗುಣವೂ ಹೌದು. ಅದು ಹೆಂಗಸಿಗೆ ಗಂಡನ ಆಯುಸ್ಸು ಕೇಳುವುದಿಲ್ಲ, ಮಕ್ಕಳ ಭಾಗ್ಯ ಕೇಳುವುದಿಲ್ಲ. ಅವಳ ಸಂತೋಷವನ್ನಷ್ಟೇ ಅವಳ ಹೆಸರು ಹಿಡಿದು ಕೇಳುತ್ತದೆ. ನಮ್ಮ ಆರತಿಗೆ ಹಾರೈಕೆಯ ತೂಕವಿದೆ, ಹಾಡಿಗೆ ಹೆಸರಿನ ಜಾಗವಿದೆ. ಎರಡನ್ನೂ ಕೂಡಿಸಿಕೊಂಡರೆ ಯಾವ ಧರ್ಮವೂ ಕೆಡುವುದಿಲ್ಲ. ಆರತಿ ಬೆಳಗಿ, ಪಾಯಸ ಬಡಿಸಿ, ಹಾಡನ್ನೂ ಹಾಡಿ. ಊದಿ ಆರಿಸುವುದು ಬೇಡವೆನ್ನಿಸಿದರೆ ಹಚ್ಚಿದ ದೀಪ ಉರಿಯುತ್ತಿರಲಿ.

ಚಿಕ್ಕ ಮಕ್ಕಳನ್ನು ಸಾಕುತ್ತಿರುವ ತಂಗಿಯರಿಗೆ ಒಂದು ಮಾತು. ಮಗುವಿಗೆ ಮನೆಯ ವಿಳಾಸ, ಅಪ್ಪನ ಹೆಸರು, ಫೋನ್ ನಂಬರು ಬಾಯಿಪಾಠ ಮಾಡಿಸುತ್ತೀರಿ. ಒಂದನೇ ತರಗತಿಗೆ ಸೇರಿದ ಮಗುವನ್ನು ಅಮ್ಮನ ಹೆಸರೇನು ಎಂದು ಕೇಳಿದರೆ 'ಅಮ್ಮ' ಎಂದೇ ಉತ್ತರ ಬರುವುದನ್ನು ನಾನು ಎಷ್ಟು ವರ್ಷ ಕೇಳಿದ್ದೇನೆ. ನಿಮ್ಮ ಹೆಸರನ್ನೂ, ಅಜ್ಜಿಯ ಹೆಸರನ್ನೂ ಕಲಿಸಿ. ಅಜ್ಜಿಗೆ ತವರಿನ ಹೆಸರು ಬೇರೆ ಇದ್ದರೆ ಅದನ್ನೂ ಕೇಳಿ ಬರೆದಿಡಿ. ಕೇಳಲು ತುಂಬ ಕಾಲ ಉಳಿದಿರುವುದಿಲ್ಲ. ನಿಮ್ಮ ದಿನ ಬಂದಾಗ ಒಲೆ ಆರಿಸಿ, ಹೊರಗೆ ಬಂದು, ಮಕ್ಕಳ ನಡುವೆ ಕೂತು ಹಾಡಿಸಿಕೊಳ್ಳಿ. ಕೇಕು ಇರಲಿ, ಬನ್ನು ಇರಲಿ, ಮೂರನೆಯ ಸಾಲಿನಲ್ಲಿ ಹೆಸರೊಂದು ತಪ್ಪದಿರಲಿ.