ಬಿದ್ದೆದ್ದವರ ಸೈಕಲ್ಲಿನ ಸ್ಟೆಮ್

ಸೈಕಲ್ಲಿನಿಂದ ಉರುಳಿ ಭುಜದ ಮೇಲೆ ಬಿದ್ದವರಿಗೆ ಕಾಲರ್ ಬೋನ್, ಅಂದರೆ ಎದೆಯ ನಡುಮೂಳೆಯನ್ನು ಭುಜಕ್ಕೆ ಜೋಡಿಸುವ ಎಲುಬು, ಮುರಿಯುವುದು ಸಾಮಾನ್ಯವಾಗಿದ್ದು, ಅದು ಕೂಡಿಕೊಂಡ ಮೇಲೂ ತಗ್ಗಿನಲ್ಲಿರುವ ಹ್ಯಾಂಡಲಿಗೆ ಬಾಗಿ ಭಾರ ಹಾಕುವುದು ಹಲವರಿಗೆ ಕಷ್ಟವಾಗುತ್ತದೆ. ಆಗ ನೆರವಿಗೆ ಬರುವುದು ಸ್ಟೆಮ್, ಎಂದರೆ ಹ್ಯಾಂಡಲನ್ನು ಫೋರ್ಕಿನ ಕೊಳವೆಗೆ ಬಿಗಿಯುವ ಗಿಡ್ಡ ತುಂಡು. ಹಳೆಯ ಮಾದರಿಯಲ್ಲಿ ಮೇಲಿನ ಬೋಲ್ಟನ್ನು ಸಡಿಲಿಸಿ, ಅದರ ತಲೆಗೆ ಮರದ ಸುತ್ತಿಗೆಯಿಂದ ಒಂದೇಟು ಕೊಟ್ಟರೆ ಒಳಗಿನ ಬೆಣೆ ಬಿಟ್ಟುಕೊಂಡು, ಸ್ಟೆಮ್ಮಿನ ಮೇಲೆ ಕೊರೆದಿರುವ ಎಚ್ಚರಿಕೆಯ ಗೆರೆ ಹೊರಗೆ ಕಾಣದಷ್ಟರ ಮಟ್ಟಿಗೆ ಹ್ಯಾಂಡಲನ್ನು ಏರಿಸಬಹುದು. ಇಷ್ಟು ಸರಳವಾದ ಏರ್ಪಾಡು ರೇಸ್ ಸೈಕಲ್ಲುಗಳಿಂದ ಮರೆಯಾದದ್ದು ನಷ್ಟವೇ ಸರಿ. ಈಗಿನ ಮಾದರಿಯಲ್ಲಿ, ಕೊಳವೆಯನ್ನು ಮೊದಲೇ ಗಿಡ್ಡವಾಗಿ ಕತ್ತರಿಸಿರದಿದ್ದರೆ, ಸ್ಟೆಮ್ಮಿನ ಮೇಲಿರುವ 5 ಅಥವಾ 10 ಮಿಲಿಮೀಟರ್ ದಪ್ಪದ ಸ್ಪೇಸರ್ ಎಂಬ ಬಳೆಗಳನ್ನು ಅದರ ಕೆಳಕ್ಕೆ ವರ್ಗಾಯಿಸಬೇಕು. ಕತ್ತರಿಸಿದ್ದರೆ, ಸ್ಟೆಮ್ಮನ್ನೇ ತಿರುಗಿಸಿ ಹಾಕಿ ಅದರ ಓರೆಯನ್ನು ಮೇಲ್ಮುಖವಾಗಿಸುವುದುಂಟು. ಸೀಟಿನ ಎತ್ತರವನ್ನು ನಿರ್ಧರಿಸುವುದು ಕಾಲಿನ ಅಳತೆಯಾದ್ದರಿಂದ ಭುಜದ ನೋವಿಗಾಗಿ ಅದನ್ನು ಮುಟ್ಟದಿರುವುದು ಲೇಸು. ಪೆಟ್ಟು ತಿಂದ ಕಾರ್ಬನ್ ಹ್ಯಾಂಡಲಿನ ಬಿರುಕು ಕಣ್ಣಿಗೆ ಕಾಣದೆಯೂ ಇರಬಹುದಾದ್ದರಿಂದ, ಎತ್ತರವನ್ನು ಹೊಂದಿಸುವ ಮೊದಲು ಆ ಹ್ಯಾಂಡಲನ್ನೇ ಬದಲಿಸಬೇಕು.