ಕೆಲಸ ಬಿಟ್ಟರೆ ಯಾರಿಗೆ ನಷ್ಟ?

ಬೆಳಗಿನ ಹೊತ್ತು ಲಗ್ಗೆರೆಯ ಬಸ್ ನಿಲ್ದಾಣಗಳಲ್ಲಿ ಊಟದ ಡಬ್ಬಿ ಹಿಡಿದು ಪೀಣ್ಯದ ಗಾರ್ಮೆಂಟ್ಸ್ ಕಡೆ ಹೊರಟ ಮಹಿಳೆಯರನ್ನು ನೀವು ನೋಡಿರಬಹುದು. ಬೆಂಗಳೂರಿನ ಇಂಥ ಉಡುಪು ಕಾರ್ಮಿಕರು ಇಂದು ಮಾನವ ಸಂಪನ್ಮೂಲ ನಿರ್ವಹಣೆಯ ಸಂಶೋಧನೆಗೆ ಮುಖ್ಯ ವಸ್ತುವಾಗಿದ್ದಾರೆ. ಅಚ್ಯುತ ಅಧ್ವರ್ಯು, ಅನಂತ್ ನ್ಯಾಶಧಾಮ್ ಮತ್ತು ಅವರ ಸಹಲೇಖಕರ ಪ್ರಬಂಧಗಳನ್ನು ವಿಜ್ಞಾನ ಶಿಕ್ಷಕರು ಓದಬೇಕು. ಓದಿ ಪ್ರಶ್ನಿಸಲೂ ಬೇಕು.

ಈ ಕ್ಷೇತ್ರದ ಹಳೆಯ ಕಥೆಯೊಂದಿದೆ. 1924ರಲ್ಲಿ ಷಿಕಾಗೋ ಬಳಿಯ ಹಾಥಾರ್ನ್ ಕಾರ್ಖಾನೆಯಲ್ಲಿ ದೀಪದ ಬೆಳಕನ್ನು ಏರಿಳಿಸಿ ಪ್ರಯೋಗ ಆರಂಭಿಸಿದರು. ಬೆಳಕು ಹೆಚ್ಚಿಸಿದರೂ ತಗ್ಗಿಸಿದರೂ ಉತ್ಪಾದನೆ ಏರಿತು, ತಮ್ಮನ್ನು ಗಮನಿಸುತ್ತಿದ್ದಾರೆಂಬ ಅರಿವೇ ಅದಕ್ಕೆ ಕಾರಣ ಎಂದು ಪಠ್ಯಪುಸ್ತಕಗಳು ಹೇಳುತ್ತ ಬಂದವು. ಕಳೆದುಹೋಗಿವೆ ಎಂದುಕೊಂಡಿದ್ದ ಮೂಲ ಅಂಕಿ-ಅಂಶಗಳನ್ನು ಹುಡುಕಿ ತೆಗೆದ ಲೆವಿಟ್ ಮತ್ತು ಲಿಸ್ಟ್, ಕಥೆ ಅಷ್ಟು ಗಟ್ಟಿಯಲ್ಲವೆಂದು 2011ರಲ್ಲಿ ತೋರಿಸಿದರು. ಬೆಳಕನ್ನು ಬದಲಿಸುತ್ತಿದ್ದದ್ದು ಭಾನುವಾರ. ಸೋಮವಾರ ಉತ್ಪಾದನೆ ಏರುವುದು ಬೆಳಕು ಬದಲಾಗದ ವಾರಗಳಲ್ಲೂ ಇತ್ತು!

ಬೆಂಗಳೂರಿನ ದೀಪಗಳ ಅಧ್ಯಯನ (2020) ಇದಕ್ಕಿಂತ ಬಹಳ ಎಚ್ಚರಿಕೆಯದು. ಹೊಲಿಗೆ ಯಂತ್ರಗಳ ಬಳಿಯ ಪ್ರತಿದೀಪ್ತಿ ದೀಪಗಳ ಬದಲು ಎಲ್‌ಇಡಿ ಹಾಕಿದಾಗ, ಮುಖ್ಯವಾಗಿ ಬಿಸಿಲಿನ ದಿನಗಳಲ್ಲಿ ಉತ್ಪಾದಕತೆ ಸುಧಾರಿಸಿತು. ಕಾರಣ ಬೆಳಕಲ್ಲ, ಉಷ್ಣ. ದೀಪ ಸೆಳೆದ ವಿದ್ಯುತ್ತು ಕೊನೆಗೆ ಬಹುಪಾಲು ಕೋಣೆಯೊಳಗೆ ಉಷ್ಣವೇ ಆಗುತ್ತದೆ; ಕಡಿಮೆ ವಾಟ್ ಎಂದರೆ ಕಡಿಮೆ ಬಿಸಿ. ಪಿಯುಸಿ ವಿದ್ಯಾರ್ಥಿಗೂ ಅರ್ಥವಾಗುವ ಕಾರಣ. ಇಲ್ಲಿ ಮಾಲೀಕರಿಗೂ ಕಾರ್ಮಿಕರಿಗೂ ಲಾಭ.

ನನ್ನ ತಕರಾರು ಇನ್ನೊಂದು ಪ್ರಬಂಧದ ಬಗ್ಗೆ (2022). ವೇತನ ಏರಿಕೆ ನಿರೀಕ್ಷೆಗಿಂತ ಕಡಿಮೆಯಾದಾಗ, ಯಾದೃಚ್ಛಿಕವಾಗಿ ಆರಿಸಿದ ಕಾರ್ಮಿಕರಿಗೆ ಸಮೀಕ್ಷೆಯಲ್ಲಿ ಅಭಿಪ್ರಾಯ ಹೇಳುವ ಅವಕಾಶ ಕೊಟ್ಟರು. ಅವರಲ್ಲಿ, ವಿಶೇಷವಾಗಿ ಹೆಚ್ಚು ನಿರಾಶರಾಗಿದ್ದವರಲ್ಲಿ, ಕೆಲಸ ಬಿಡುವುದು ಕಡಿಮೆಯಾಯಿತು. ಸಮೀಕ್ಷೆಯಿಂದ ಸಂಬಳವೇನೂ ಏರಲಿಲ್ಲ. ಮಾತಿಗೆ ಸಿಕ್ಕ ಬೆಲೆ ಕೆಲಸ ಮಾಡಿತೋ, ಯಾರೋ ಬಂದು ವಿಚಾರಿಸಿದರೆಂಬುದೇ ಸಾಕಾಯಿತೋ? ಎರಡನ್ನೂ ಬೇರ್ಪಡಿಸಲು, ಸಂಬಳದ ಮಾತೆತ್ತದೆ ಬೇರೇನನ್ನೋ ಕೇಳಿದ ಮೂರನೆಯ ಗುಂಪೊಂದು ಬೇಕು.

ಇದಕ್ಕಿಂತ ದೊಡ್ಡದು ಚಿಹ್ನೆಯ ಪ್ರಶ್ನೆ. ಉಷ್ಣಗತಿಶಾಸ್ತ್ರದಲ್ಲಿ ವ್ಯವಸ್ಥೆ ಯಾವುದೆಂದು ಮೊದಲು ಗೊತ್ತುಮಾಡದೆ ಕೆಲಸ ಧನವೋ ಋಣವೋ ಹೇಳಲಾಗದು. ಕಾರ್ಖಾನೆಯೇ ವ್ಯವಸ್ಥೆಯಾದರೆ ಕೆಲಸ ಬಿಡುವುದು ನಷ್ಟ. ಲಗ್ಗೆರೆಯಲ್ಲಿ ಬಾಡಿಗೆ ಕಟ್ಟುವ ಮನೆಯೇ ವ್ಯವಸ್ಥೆಯಾದರೆ, ಇನ್ನೂರು ರೂಪಾಯಿ ಹೆಚ್ಚು ಕೊಡುವ ಪಕ್ಕದ ಫ್ಯಾಕ್ಟರಿಗೆ ಹೋಗುವುದು ಲಾಭ. ಅಧ್ವರ್ಯು ಮತ್ತು ನ್ಯಾಶಧಾಮ್, ಶಾಹಿ ಎಕ್ಸ್‌ಪೋರ್ಟ್ಸ್‌ನ ಅನಂತ್ ಅಹುಜಾ ಜೊತೆ 2017ರಲ್ಲಿ ‘ಗುಡ್ ಬಿಸಿನೆಸ್ ಲ್ಯಾಬ್’ ಸ್ಥಾಪಿಸಿದರು. ಇದು ಗುಟ್ಟಲ್ಲ, ದೋಷವೂ ಅಲ್ಲ; ಆದರೆ ಅಳತೆಗೋಲು ಯಾವ ಕಡೆಯಿಂದ ಬಂತೆಂಬುದನ್ನು ಓದುಗ ನೆನಪಿಡಬೇಕು. 2016ರ ಏಪ್ರಿಲ್‌ನಲ್ಲಿ ಭವಿಷ್ಯನಿಧಿ ನಿಯಮದ ವಿರುದ್ಧ ಸಾವಿರಾರು ಉಡುಪು ಕಾರ್ಮಿಕರು ಬೆಂಗಳೂರಿನ ಬೀದಿಗಿಳಿದಾಗ ಎರಡೇ ದಿನದಲ್ಲಿ ಕೇಂದ್ರ ಸರ್ಕಾರ ನಿಯಮ ಹಿಂಪಡೆಯಿತು. ಅದೂ ಅಭಿಪ್ರಾಯ ಹೇಳುವ ಒಂದು ರೀತಿಯೇ. ಯಾವ ಪ್ರಶ್ನಾವಳಿಗೂ ಅದು ಹಿಡಿಸದು.

ಕೆಲಸ ಬಿಟ್ಟವಳು ಹಾಜರಿ ಪಟ್ಟಿಯಿಂದ ಮಾಯವಾಗುತ್ತಾಳೆ, ಜೊತೆಗೆ ಸಂಶೋಧಕರ ಕೋಷ್ಟಕದಿಂದಲೂ. ಅವಳ ಭವಿಷ್ಯನಿಧಿ ಖಾತೆಯ ಸಂಖ್ಯೆ ಮಾತ್ರ 2014ರಿಂದ ಒಂದೇ. ಮುಂದಿನ ಫ್ಯಾಕ್ಟರಿಗೂ ಅವಳೊಡನೆ ಹೋಗುತ್ತದೆ. ಒಪ್ಪಿಗೆ ಪಡೆದು ಅದರ ಜಾಡು ಹಿಡಿದರೆ, ಬಿಟ್ಟವಳಿಗೆ ಸಂಬಳ ಏರಿತೋ ಇಳಿಯಿತೋ ತಿಳಿದೀತು.